ನೋವಾ ಸ್ಕೋಷಿಯಾದ ಮ್ಯಾಕ್‌ಡೊನಾಲ್ಡರ ಮೂಲ ಹುಡುಕುವುದು ಹೇಗೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಮಗ ಟೊರೊಂಟೊದಲ್ಲಿದ್ದಾನೆ. ಸೊಸೆ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಆಂಟಿಗೊನಿಶ್ ಎಂಬ ಊರಿನವಳು, ಸ್ಕಾಟ್ಲೆಂಡ್ ಮೂಲದ ಕ್ಯಾಥೋಲಿಕ್ ಮನೆತನ. ಒಂಬತ್ತು ವರ್ಷದ ಮೊಮ್ಮಗಳಿಗಾಗಿ ವಂಶವೃಕ್ಷ ಬರೆಯಲು ಕೂತಿದ್ದೇನೆ. ನಮ್ಮ ಕಡೆ ಹೆಳವರು ಹೇಳಿದ್ದನ್ನು ಬರೆದಿಟ್ಟಿದ್ದರಿಂದ ಏಳು ತಲೆಮಾರು ಸಿಕ್ಕಿತು. ಸೊಸೆಯ ಕಡೆ ಅವಳ ಮುತ್ತಾತನಿಗೇ ನಿಂತುಹೋಗಿದೆ. ಮನೆತನದ ಹೆಸರು ಮ್ಯಾಕ್‌ಡೊನಾಲ್ಡ್. ಮೊದಲು ಬಂದವನ ಹೆಸರು ಜಾನ್ ಇರಬೇಕು, ಅವನ ಹೆಂಡತಿ ಚಿಸಮ್ ಮನೆತನದವಳು ಅಂತ ಹೇಳುತ್ತಾರೆ. ‘ಹೆಕ್ಟರ್’ ಎಂಬ ಹಡಗಿನಲ್ಲಿ ಬಂದರಂತೆ, ಬಂದರಿನಲ್ಲಿ ಅಧಿಕಾರಿಗಳು ಹೆಸರು ಬದಲಾಯಿಸಿದರಂತೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಾವಿರಾರು ಜಾನ್ ಮ್ಯಾಕ್‌ಡೊನಾಲ್ಡ್‌ಗಳು ಬರುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಹೆಳವರ ಹೆಸರು ನೋಡಿ ಬಹಳ ಖುಷಿಯಾಯಿತು. ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಮನೆಯವರಿಗೇ ಮರೆತುಹೋದ ಹಿರಿಯರ ಹೆಸರನ್ನೆಲ್ಲ ಹೇಳಿ, ಕಾಳುಕಡಿ ಪಡೆದು ಹೋಗುವವರು. ನಿಮ್ಮ ಸೊಸೆಯ ಹಿರಿಯರ ನಾಡಿನಲ್ಲೂ ಇಂಥವರಿದ್ದರು. ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡ್ಸ್‌ನಲ್ಲಿ ಅವರಿಗೆ ಶೆನಖಿ ಅನ್ನುತ್ತಿದ್ದರು. 1249ರಲ್ಲಿ ಸ್ಕಾಟ್ಲೆಂಡಿನ ರಾಜನಾಗಿ ಮೂರನೇ ಅಲೆಕ್ಸಾಂಡರ್‌ಗೆ ಪಟ್ಟ ಕಟ್ಟುವಾಗ ಇಂಥ ಒಬ್ಬ ಹೈಲ್ಯಾಂಡಿನವನು ಎದ್ದು ನಿಂತು, ಗೇಲಿಕ್ ಭಾಷೆಯಲ್ಲಿ ರಾಜನ ವಂಶಾವಳಿಯನ್ನು ಹೇಳಿದನಂತೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಆ ರೂಢಿ ಅವರ ಜೊತೆ ಕೆನಡಾಕ್ಕೂ ಬಂತು. ಆಂಟಿಗೊನಿಶ್ ಮತ್ತು ಅದರ ಪಕ್ಕದ ಕೇಪ್ ಬ್ರೆಟನ್ ದ್ವೀಪದ ಹಳೆಯ ತಲೆಗಳಿಗೆ ‘ಸ್ಲೊನ್ಯಗ್’ ಗೊತ್ತಿರುತ್ತದೆ. ಅಂದರೆ ಒಬ್ಬನ ಹೆಸರಿನ ಹಿಂದೆ ಅವನ ಅಪ್ಪನ ಹೆಸರು, ಅದರ ಹಿಂದೆ ತಾತನ ಹೆಸರು, ಹೀಗೆ ಸರಪಳಿಯಾಗಿ ಹೇಳುವುದು. ‘ಅಲಸ್ಡೇರ್ ಇಯನ್ ರೂರಿ’ ಅಂದರೆ ರೂರಿಯ ಮಗ ಇಯನ್, ಇಯನ್‌ನ ಮಗ ಅಲಸ್ಡೇರ್. ಊರಿನಲ್ಲಿ ಅರ್ಧ ಜನ ಮ್ಯಾಕ್‌ಡೊನಾಲ್ಡರೇ ಆದರೆ ಬೇರೆ ದಾರಿ ಏನಿದೆ? ನಮ್ಮ ಹಳ್ಳಿಗಳಲ್ಲಿ ಮೇಲಿನಮನೆ ಬಸಪ್ಪನ ಮಗ, ಗೌಡರ ಸಿದ್ದಪ್ಪನ ಮೊಮ್ಮಗ ಅಂತ ಗುರುತು ಹೇಳುವುದಿಲ್ವಾ, ಹಾಗೇ.

ಹಾಗಾಗಿ ಮೊದಲು ಕಂಪ್ಯೂಟರ್ ಮುಚ್ಚಿ. ಸೊಸೆಯ ಕಡೆ ಇರುವವರಲ್ಲಿ ಅತಿ ಹಿರಿಯರು ಯಾರು ಅಂತ ಕೇಳಿ. ಅಜ್ಜಿ, ಅಜ್ಜಿಯ ತಂಗಿ, ತಾತನ ಚಿಕ್ಕಪ್ಪನ ಮಗ, ಯಾರಾದರೂ ಸರಿ. ಫೋನಿನಲ್ಲಿ ಮಾತಾಡುವುದನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಿ. ‘ನಿಮ್ಮ ವಂಶದ ಬಗ್ಗೆ ಹೇಳಿ’ ಅಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಬೇಕು. ನಿಮ್ಮ ತಾತನನ್ನು ಊರಿನವರು ಏನೆಂದು ಕರೆಯುತ್ತಿದ್ದರು? ಮನೆಗೆ ಅಡ್ಡಹೆಸರು ಇತ್ತಾ? ಯಾವ ಚರ್ಚಿಗೆ ಹೋಗುತ್ತಿದ್ದರು? ಮಣ್ಣು ಮಾಡಿದ್ದು ಎಲ್ಲಿ? ಹೊಲದ ಪಕ್ಕದವರು ಯಾರು? ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದಾಗ ಧರ್ಮಪಿತ, ಧರ್ಮಮಾತೆ ಆಗಿ ನಿಂತವರು ಯಾರು? ದಾಖಲೆಗಳು ಇನ್ನೂ ನೂರು ವರ್ಷ ಅಲ್ಲೇ ಇರುತ್ತವೆ. ಈ ಹಿರಿಯರು ಇರುವುದಿಲ್ಲ. ಆದ್ದರಿಂದ ಇದು ಮೊದಲು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಈ ಕೆಲಸ ಶುರು ಮಾಡುವವರೆಲ್ಲ ಮೊದಲು ಹಡಗಿನ ಹೆಸರು ಹುಡುಕುತ್ತಾರೆ. ಅದನ್ನು ಕೊನೆಗೆ ಇಡಿ. ನಿಮಗೆ ಬೇಕಾಗಿರುವುದು ಒಂದೇ ಒಂದು ಮಾಹಿತಿ: ಸ್ಕಾಟ್ಲೆಂಡಿನಲ್ಲಿ ಅವರು ಯಾವ ಪ್ಯಾರಿಷ್‌ನವರು ಎಂಬುದು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಗುಂಪು. ಅಲ್ಲಿನ ಹಳೆಯ ದಾಖಲೆಗಳೆಲ್ಲ ಪ್ಯಾರಿಷ್ ಪ್ರಕಾರವೇ ಇವೆ. ಪ್ಯಾರಿಷ್ ಗೊತ್ತಿಲ್ಲದೆ ಬರೀ ಜಾನ್ ಮ್ಯಾಕ್‌ಡೊನಾಲ್ಡ್ ಅಂತ ಹುಡುಕಿದರೆ, ಬೆಂಗಳೂರಿನಲ್ಲಿ ನಿಂತು ಮಂಜುನಾಥನನ್ನು ಕರೆದ ಹಾಗೆ. ಆ ಪ್ಯಾರಿಷ್ ಹೆಸರು ಸಿಗುವುದು ಹೆಚ್ಚಾಗಿ ಕೆನಡಾದಲ್ಲೇ. ಸ್ಕಾಟ್ಲೆಂಡಿನಲ್ಲಿ ಅಲ್ಲ. ಅದಕ್ಕೇ ಸಮುದ್ರ ದಾಟಲು ಅವಸರ ಮಾಡಬೇಡಿ.

ಹಡಗಿನ ಪಟ್ಟಿ ಯಾಕೆ ಸಿಗುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಸ್ಕಾಟ್ಲೆಂಡಿನಿಂದ ನೋವಾ ಸ್ಕೋಷಿಯಾಕ್ಕೆ ಹೋಗುವುದು ಆಗ ಒಂದೇ ರಾಜನ ಆಳ್ವಿಕೆಯೊಳಗಿನ ಪ್ರಯಾಣ. ಬಂದಿಳಿದವರ ಹೆಸರು ಬರೆದಿಡುವ ಕಟ್ಟುಪಾಡು ಇರಲಿಲ್ಲ. ಕ್ರಮವಾಗಿ ಉಳಿದಿರುವ ಪಟ್ಟಿಗಳು ಕ್ವಿಬೆಕ್ ಬಂದರಿಗೆ 1865ರಿಂದ, ಹ್ಯಾಲಿಫ್ಯಾಕ್ಸ್‌ಗೆ 1881ರಿಂದ ಶುರುವಾಗುತ್ತವೆ. ನಿಮ್ಮ ಸೊಸೆಯ ಹಿರಿಯರು ಅದಕ್ಕಿಂತ ಎಷ್ಟೋ ಮೊದಲು ಬಂದವರು. ಬಂದರಿನಲ್ಲಿ ಹೆಸರು ಬದಲಾಯಿಸಿದರು ಎಂಬ ಮಾತಿಗೂ ಇದೇ ಉತ್ತರ. ಬರೆದುಕೊಳ್ಳುವವನೇ ಇಲ್ಲದ ಮೇಲೆ ಬದಲಾಯಿಸುವವನು ಎಲ್ಲಿಂದ ಬಂದ? ಹೆಸರಿನ ಕಾಗುಣಿತ ಬದಲಾದದ್ದು ನಿಜ. ಜನ ಮಾತಾಡುತ್ತಿದ್ದದ್ದು ಗೇಲಿಕ್, ಬರೆಯುತ್ತಿದ್ದದ್ದು ಇಂಗ್ಲಿಷ್ ಬಲ್ಲ ಪಾದ್ರಿ ಅಥವಾ ಗುಮಾಸ್ತ. ಕಿವಿಗೆ ಬಿದ್ದ ಹಾಗೆ ಬರೆದ. ಒಬ್ಬನೇ ಮನುಷ್ಯ ಒಂದು ಕಡೆ ಮ್ಯಾಕ್‌ಡೊನಾಲ್ಡ್, ಇನ್ನೊಂದು ಕಡೆ ಮ್ಯಾಕ್‌ಡೊನೆಲ್ ಆಗಿರುವುದು ಮಾಮೂಲು.

ಇನ್ನು ಹೆಕ್ಟರ್. ಅದು ದೊಡ್ಡ ಹೆಸರು. 1773ರಲ್ಲಿ ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಲಾಕ್ ಬ್ರೂಮ್‌ನಿಂದ ಹೊರಟು, ಸೆಪ್ಟೆಂಬರ್ 15ರಂದು ನೋವಾ ಸ್ಕೋಷಿಯಾದ ಪಿಕ್ಟೂ ಮುಟ್ಟಿತು. ಸುಮಾರು 200 ಜನ ಹತ್ತಿದ್ದರು. ಸಿಡುಬು, ರಕ್ತಭೇದಿ ಬಂದು ದಾರಿಯಲ್ಲೇ ಹಲವರು ಸತ್ತರು, ಅವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು. ಆ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಆ ಹಡಗಿನಲ್ಲಿದ್ದವರು ಬಹುತೇಕ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದವರು. ನಿಮ್ಮ ಸೊಸೆಯ ಮನೆಯವರು ಕ್ಯಾಥೋಲಿಕರು, ಅದೂ ಆಂಟಿಗೊನಿಶ್ ಕಡೆಯವರು. ಆ ಭಾಗದ ಕ್ಯಾಥೋಲಿಕರ ಕಥೆ ಬೇರೆ. 1791ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳು ಮತ್ತು ಕರಾವಳಿಯಿಂದ ಕ್ಯಾಥೋಲಿಕರು ದೊಡ್ಡ ಗುಂಪಾಗಿ ಪಿಕ್ಟೂಗೆ ಬಂದಿಳಿದರು. ಪಿಕ್ಟೂ ಆಗಲೇ ಪ್ರೆಸ್ಬಿಟೇರಿಯನ್ನರ ನೆಲೆ. ತಮ್ಮವರ ಜೊತೆ, ತಮ್ಮ ಪಾದ್ರಿಯ ಹತ್ತಿರ ಇರಬೇಕೆಂದು ಇವರು ಪೂರ್ವಕ್ಕೆ ಸರಿದು ಆಂಟಿಗೊನಿಶ್ ಕರಾವಳಿಯಲ್ಲೂ ಕೇಪ್ ಬ್ರೆಟನ್‌ನಲ್ಲೂ ನೆಲೆಸಿದರು. ಆಮೇಲೆ ಬಂದ ಕ್ಯಾಥೋಲಿಕರೂ ಇದೇ ಹಾದಿ ಹಿಡಿದರು. ಇವತ್ತಿಗೂ ಆ ಕರಾವಳಿಯಲ್ಲಿ ಅರಿಸೇಗ್, ನಾಯ್ಡರ್ಟ್ ಎಂಬ ಊರುಗಳಿವೆ. ಅವು ಸ್ಕಾಟ್ಲೆಂಡಿನಿಂದ ಜನ ಹೊತ್ತು ತಂದ ಊರಿನ ಹೆಸರುಗಳೇ. ಮನೆಯಲ್ಲಿ ಹೆಕ್ಟರ್ ಕಥೆ ಹೇಳಿಕೊಂಡು ಬಂದಿದ್ದಾರೆ ಅಂದರೆ ಅವರು ಸುಳ್ಳು ಹೇಳಿದರು ಅಂತಲ್ಲ. ಹೆಸರಾದ ಹಡಗು ಅದೊಂದೇ ಆದ್ದರಿಂದ ಎಲ್ಲರ ಹಡಗೂ ನಿಧಾನಕ್ಕೆ ಹೆಕ್ಟರ್ ಆಗಿಬಿಡುತ್ತದೆ. ಮೊಮ್ಮಗಳ ಪುಸ್ತಕದಲ್ಲಿ ಅದನ್ನು ‘ಮನೆಯಲ್ಲಿ ಹೇಳುವ ಮಾತು’ ಅಂತ ಬೇರೆಯಾಗಿ ಬರೆದಿಡಿ, ಅಳಿಸಬೇಡಿ.

ಕೆನಡಾದ ದಾಖಲೆಗಳಲ್ಲಿ ಹಿಂದಕ್ಕೆ ಹೋಗುವುದು ಮೆಟ್ಟಿಲು ಇಳಿದ ಹಾಗೆ, ಒಂದೊಂದೇ. ಜನಗಣತಿ 1931ರವರೆಗೆ ಸಾರ್ವಜನಿಕರಿಗೆ ತೆರೆದಿದೆ. ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. 1901ರ ಗಣತಿಯನ್ನು ಮಾತ್ರ ನಿಧಾನವಾಗಿ ಓದಿ. ಹುಟ್ಟಿದ ತಾರೀಖು, ಮೂಲ, ಮಾತೃಭಾಷೆ ಎಲ್ಲ ಕೇಳಿದ್ದಾರೆ. ಮಾತೃಭಾಷೆಯ ಕಾಲಂನಲ್ಲಿ ‘ಗೇಲಿಕ್’ ಅಂತ ಕಂಡಾಗ ನಿಮ್ಮ ಸೊಸೆಗೆ ತೋರಿಸಿ. ತನ್ನ ಮುತ್ತಾತನ ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು ಅಂತ ಎಷ್ಟೋ ಜನಕ್ಕೆ ಮೊದಲು ತಿಳಿಯುವುದು ಅಲ್ಲೇ. 1871ರ ಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರೂ ಇದೆ. ನೋವಾ ಸ್ಕೋಷಿಯಾದ 1861ರ ಗಣತಿಯಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ.

ಹುಟ್ಟು, ಸಾವು, ಮದುವೆಯ ಸರ್ಕಾರಿ ನೋಂದಣಿ ಅಲ್ಲಿ 1864ರಲ್ಲಿ ಶುರುವಾಯಿತು. ಆದರೆ ಹುಟ್ಟು, ಸಾವಿನ ನೋಂದಣಿಯನ್ನು 1877ರಲ್ಲಿ ನಿಲ್ಲಿಸಿಬಿಟ್ಟರು. ಮತ್ತೆ ಶುರುವಾದದ್ದು 1908ರಲ್ಲಿ. ಈ ಮೂವತ್ತೊಂದು ವರ್ಷದ ಕಂದಕಕ್ಕೆ ಎಷ್ಟೋ ಜನ ಬಿದ್ದು, ‘ನಮ್ಮವರ ದಾಖಲೆಯೇ ಇಲ್ಲ’ ಅಂತ ಕೈಬಿಡುತ್ತಾರೆ. ಆ ಅವಧಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ನೋಡಬೇಕು. ಮದುವೆಯ ದಾಖಲೆ ಮಾತ್ರ ನಿಲ್ಲದೆ ಮುಂದುವರಿದಿದೆ, ಅದರಲ್ಲಿ ಹೆಚ್ಚಾಗಿ ಎರಡೂ ಕಡೆಯ ತಂದೆ ತಾಯಿಯರ ಹೆಸರಿರುತ್ತದೆ. ಇವನ್ನೆಲ್ಲ ನೋವಾ ಸ್ಕೋಷಿಯಾ ಆರ್ಕೈವ್ಸ್ ಇಂಟರ್ನೆಟ್‌ನಲ್ಲಿ ಹಾಕಿದೆ.

ಆದರೆ ಊರಿನ ಹೆಸರು ಸಿಗುವ ನಿಜವಾದ ಜಾಗಗಳು ಮೂರು: ಸಮಾಧಿಕಲ್ಲು, ಜಮೀನಿನ ಕಾಗದ, ಹಳೆಯ ಪತ್ರಿಕೆ. ಜನಗಣತಿಯವನು ಹುಟ್ಟಿದ ಜಾಗದ ಕಾಲಂನಲ್ಲಿ ‘ಸ್ಕಾಟ್ಲೆಂಡ್’ ಅಂತ ಒಂದೇ ಪದ ಗೀಚಿ ಮುಂದೆ ಹೋಗುತ್ತಾನೆ. ಮಕ್ಕಳು ಅಪ್ಪನ ಕಲ್ಲು ಕೆತ್ತಿಸುವಾಗ ಹಾಗೆ ಮಾಡುವುದಿಲ್ಲ. ಇಂಥ ಜಿಲ್ಲೆಯ ಇಂಥ ಊರಿನವನು ಅಂತ ಕೆತ್ತಿಸುತ್ತಾರೆ. ಪತ್ರಿಕೆಯ ವಿಷಯಕ್ಕೆ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಆಂಟಿಗೊನಿಶ್‌ನ ‘ದ ಕ್ಯಾಸ್ಕೆಟ್’ 1852ರಲ್ಲಿ ಶುರುವಾದ ವಾರಪತ್ರಿಕೆ. ಮುದುಕರು ಸತ್ತಾಗ ಅದರಲ್ಲಿ ಬರುವ ನಾಲ್ಕು ಸಾಲಿನಲ್ಲಿ ಎಲ್ಲಿಂದ ಬಂದವರು, ಯಾರ ಮಗಳು ಎಂಬುದು ಎಷ್ಟೋ ಸಲ ಸಿಗುತ್ತದೆ. ಕೇಪ್ ಬ್ರೆಟನ್‌ನ ಸಿಡ್ನಿಯಲ್ಲಿ 1892ರಿಂದ 1904ರವರೆಗೆ ‘ಮಾಕ್ ತಾಲ’ ಎಂಬ ಗೇಲಿಕ್ ಪತ್ರಿಕೆಯೂ ಇತ್ತು. ಹೆಸರಿನ ಅರ್ಥ ಮಾರ್ದನಿ.

ಜಮೀನಿನ ಕಾಗದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೆಲ ಬೇಕೆಂದವರು ಸರ್ಕಾರಕ್ಕೆ ಅರ್ಜಿ ಹಾಕಬೇಕಿತ್ತು. ಆ ಅರ್ಜಿಗಳಲ್ಲಿ ಎಲ್ಲಿಯವನು, ಬಂದು ಎಷ್ಟು ವರ್ಷವಾಯಿತು, ಮದುವೆಯಾಗಿದೆಯಾ, ಮಕ್ಕಳೆಷ್ಟು ಎಂದೆಲ್ಲ ಬರೆದಿರುವುದುಂಟು. ಬರೆಯಲು ಬಾರದವರು ಕೆಳಗೆ ಒಂದು ‘X’ ಗುರುತು ಹಾಕಿರುತ್ತಾರೆ. ಮೊಮ್ಮಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಚಿತ್ರ ಬೇರೆ ಬೇಡ. ಜಮೀನು ಮಾರುವಾಗ ಹೆಂಡತಿಯ ಸಹಿಯನ್ನೂ ಹಾಕಿಸುತ್ತಿದ್ದರು, ಗಂಡನ ಆಸ್ತಿಯಲ್ಲಿ ಅವಳಿಗೆ ಕಾನೂನಿನ ಹಕ್ಕು ಇದ್ದದ್ದರಿಂದ. ಈ ಸಹಿ ನನ್ನನ್ನು ಒಮ್ಮೆ ಕಾಪಾಡಿತು. ಒಂದು ಮನೆತನಕ್ಕಾಗಿ ಹುಡುಕುವಾಗ ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರು ಜಾನ್‌ಗಳನ್ನು ಒಬ್ಬನೇ ಅಂದುಕೊಂಡು ಎರಡು ತಿಂಗಳು ಕೆಲಸ ಮಾಡಿದ್ದೆ. ಮಾರಾಟದ ಕಾಗದದಲ್ಲಿ ಹೆಂಡತಿಯ ಹೆಸರು ಬೇರೆ ಕಂಡಿತು. ಅವತ್ತು ಮರದ ಒಂದು ಇಡೀ ಕೊಂಬೆ ಕಡಿದು ಹಾಕಬೇಕಾಯಿತು. ಆವತ್ತಿನಿಂದ ನಾನು ಗಂಡ ಹೆಂಡತಿ ಇಬ್ಬರ ಹೆಸರೂ ಹೊಂದದೆ ಯಾರನ್ನೂ ಸೇರಿಸುವುದಿಲ್ಲ.

ಈ ಹೆಂಡತಿಯ ಹೆಸರಿನ ವಿಷಯವೇ ನಿಮ್ಮ ಪತ್ರದಲ್ಲಿರುವ ದೊಡ್ಡ ಸಂಪತ್ತು. ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಿ. ಮೊದಲು ಬಂದವನ ಹೆಂಡತಿ ಚಿಸಮ್ ಮನೆತನದವಳು. ಮ್ಯಾಕ್‌ಡೊನಾಲ್ಡರು ಹೈಲ್ಯಾಂಡ್ಸ್ ತುಂಬ ಇದ್ದಾರೆ. ಚಿಸಮ್‌ರು ಹಾಗಲ್ಲ. ಅವರ ನೆಲೆ ಹೈಲ್ಯಾಂಡ್ಸ್‌ನ ಇನ್ವರ್ನೆಸ್‌ಶೈರ್‌ನ ಸ್ಟ್ರಾತ್‌ಗ್ಲಾಸ್ ಎಂಬ ಒಂದು ಕಣಿವೆ. 1801ರ ಸುಮಾರಿಗೆ ಅಲ್ಲಿನ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿ, ನೆಲವನ್ನು ಕುರಿ ಸಾಕುವವರಿಗೆ ಕೊಡತೊಡಗಿದರು. ಕುರಿಯಿಂದ ಬರುವ ಗೇಣಿ ಜಾಸ್ತಿ. ತಲೆಮಾರುಗಳಿಂದ ಉತ್ತುಕೊಂಡು ಬಂದವರಲ್ಲಿ ಎಷ್ಟೋ ಜನ ಎರಡು ಮೂರು ವರ್ಷದಲ್ಲಿ ಕಣಿವೆ ಬಿಟ್ಟರು. ಅವರಲ್ಲಿ ತುಂಬಾ ಜನ ಬಂದು ಸೇರಿದ್ದು ಪಿಕ್ಟೂ ಮತ್ತು ಆಂಟಿಗೊನಿಶ್‌ಗೆ. ಹಡಗಿನ ಪಟ್ಟಿಗಳು ಉಳಿದಿಲ್ಲ ಅಂದೆನಲ್ಲ, ಅದಕ್ಕೆ ಅಪರೂಪದ ಒಂದು ಅಪವಾದ ಇಲ್ಲೇ ಇದೆ. 1801ರಲ್ಲಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಿಂದ ಪಿಕ್ಟೂಗೆ ಹೊರಟ ‘ಸಾರಾ’ ಮತ್ತು ‘ಡವ್’ ಎಂಬ ಹಡಗುಗಳ ಪ್ರಯಾಣಿಕರ ಪಟ್ಟಿ ಉಳಿದಿದೆ. ಹೆಸರಿನ ಜೊತೆ ಅವರು ಯಾವ ಊರಿನಿಂದ ಬಂದವರು ಎಂಬುದೂ ಇದೆ. ಈ ಹಡಗುಗಳಲ್ಲಿ ಜನರನ್ನು ತುರುಕಿದ ರೀತಿ ಎಷ್ಟು ಗಲಾಟೆಯಾಯಿತೆಂದರೆ, 1803ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕ ಹಡಗುಗಳಿಗೆ ಕಾನೂನು ಮಾಡುವುದಕ್ಕೆ ಇಂಥ ವರದಿಗಳೇ ಆಧಾರವಾದವು. ಆ ಕಾನೂನಿನಿಂದ ಟಿಕೆಟ್ ದರವೂ ಏರಿತು. ಸಮುದ್ರಪಾಚಿ ಸುಟ್ಟು ಬೂದಿ ಮಾರಿ ಲಾಭ ಮಾಡುತ್ತಿದ್ದ ಕರಾವಳಿಯ ಜಮೀನುದಾರರಿಗೆ ಅದೇ ಬೇಕಿತ್ತು. ಕೂಲಿಗಳು ಊರು ಬಿಟ್ಟು ಹೋಗಬಾರದಲ್ವಾ.

ಹಾಗಂತ ಚಿಸಮ್ ಅಂದ ತಕ್ಷಣ ಸ್ಟ್ರಾತ್‌ಗ್ಲಾಸ್ ಅಂತ ಬರೆದುಬಿಡಬೇಡಿ. ಅದು ಸುಳಿವು, ಸಾಕ್ಷಿಯಲ್ಲ. ಆದರೆ ಹುಡುಕಲು ಒಂದು ಕಣಿವೆ ಸಿಕ್ಕಿತಲ್ಲ, ಅದು ಚಿಕ್ಕ ಮಾತಲ್ಲ. ಸ್ಕಾಟ್ಲೆಂಡಿನಲ್ಲಿ ಹೆಣ್ಣುಮಕ್ಕಳ ತವರಿನ ಹೆಸರು ಮದುವೆಯಾದ ಮೇಲೂ ದಾಖಲೆಗಳಲ್ಲಿ ಉಳಿಯುತ್ತಿತ್ತು. ಸಮಾಧಿಕಲ್ಲಿನ ಮೇಲೂ ಇರುತ್ತದೆ. ಆದ್ದರಿಂದ ಗಂಡಸರ ಸಾಲಿನಲ್ಲಿ ದಾರಿ ಮುಚ್ಚಿದಾಗ ಹೆಂಗಸರ ಸಾಲು ಹಿಡಿಯಿರಿ.

ಇನ್ನೊಂದು ಮಾತು. ಈ ಜನ ಒಬ್ಬೊಬ್ಬರಾಗಿ ಬಂದವರಲ್ಲ. ಅಣ್ಣತಮ್ಮಂದಿರು, ಬೀಗರು, ಪಕ್ಕದ ಮನೆಯವರು ಒಟ್ಟಿಗೆ ಹೊರಟು ಒಟ್ಟಿಗೆ ನೆಲೆ ನಿಂತರು. ನಿಮ್ಮ ಜಾನ್‌ನ ಊರು ಎಲ್ಲೂ ಬರೆದಿಲ್ಲದಿದ್ದರೆ ಅವನ ಹೊಲದ ಎಡಬಲದವರ ಊರು ಹುಡುಕಿ. ಮಕ್ಕಳಿಗೆ ಧರ್ಮಪಿತ ಆದವರು, ಉಯಿಲಿಗೆ ಸಾಕ್ಷಿ ಹಾಕಿದವರು, ಅದೇ ಸ್ಮಶಾನದ ಅಕ್ಕಪಕ್ಕದ ಕಲ್ಲಿನವರು. ಇವರಲ್ಲಿ ಮೂರು ನಾಲ್ಕು ಮನೆ ಒಂದೇ ಪ್ಯಾರಿಷ್‌ನಿಂದ ಬಂದಿದ್ದರೆ ನಿಮ್ಮವನೂ ಅಲ್ಲಿಯವನೇ ಇರುವ ಸಂಭವ ಜಾಸ್ತಿ.

ಮಕ್ಕಳ ಹೆಸರುಗಳನ್ನೂ ಸಾಲಾಗಿ ಬರೆದು ನೋಡಿ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನ ಹೆಸರು. ಇದು ಅವರ ರೂಢಿ. ತಾತನ ಹೆಸರು ಇಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡೂ ಕಡೆಯ ತಾತಂದಿರ ಹೆಸರು ಜಾನ್ ಆಗಿದ್ದರೆ ಒಂದೇ ಮನೆಯಲ್ಲಿ ಇಬ್ಬರು ಜಾನ್‌ಗಳು ಬದುಕಿರುವುದೂ ಉಂಟು, ದೊಡ್ಡ ಜಾನ್, ಚಿಕ್ಕ ಜಾನ್ ಅಂತ. ಒಬ್ಬನನ್ನು ತಪ್ಪು ಅಂತ ಅಳಿಸಿಬಿಡಬೇಡಿ. ಗೇಲಿಕ್ ಹೆಸರಿಗೂ ಇಂಗ್ಲಿಷ್ ಹೆಸರಿಗೂ ಹೋಲಿಕೆ ಇರುವುದಿಲ್ಲ ಎಂಬುದೂ ನೆನಪಿರಲಿ. ಮನೆಯಲ್ಲಿ ಟೊರೊಮೊಡ್ ಆದವನು ಚರ್ಚಿನ ಪುಸ್ತಕದಲ್ಲಿ ನಾರ್ಮನ್. ಗಿಲ್ಯಾಸ್ಪಿಕ್ ಅಂದರೆ ಆರ್ಚಿಬಾಲ್ಡ್. ಮೋರ್ ಎಂಬ ಹೆಂಗಸು ಒಂದು ಕಡೆ ಮೇರಿಯನ್, ಇನ್ನೊಂದು ಕಡೆ ಸಾರಾ ಆಗಿರಬಹುದು.

ಪ್ಯಾರಿಷ್ ಸಿಕ್ಕ ಮೇಲೆ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಸರ್ಕಾರಿ ವೆಬ್‌ಸೈಟಿಗೆ ಹೋಗಿ. ಹೆಸರು ಹುಡುಕುವುದಕ್ಕೆ ದುಡ್ಡಿಲ್ಲ, ದಾಖಲೆಯ ಚಿತ್ರ ತೆರೆಯಲು ಕೊಡಬೇಕು. ಕ್ಯಾಥೋಲಿಕ್ ಚರ್ಚುಗಳ ಪುಸ್ತಕಗಳೂ ಅಲ್ಲಿವೆ. ಸ್ಟ್ರಾತ್‌ಗ್ಲಾಸ್ ಆದರೆ ಕಿಲ್‌ಮೋರಕ್, ಕಿಲ್‌ಟಾರ್ಲಿಟಿ ಎಂಬ ಎರಡು ಪ್ಯಾರಿಷ್ ನೋಡಬೇಕು. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಕಡ್ಡಾಯವಾದದ್ದು 1855ರಲ್ಲಿ. ಅಷ್ಟರಲ್ಲಿ ನಮ್ಮವರು ಹೊರಟು ಅರ್ಧ ಶತಮಾನ ಆಗಿತ್ತು, ಅದರಿಂದೇನು ಪ್ರಯೋಜನ ಅಂತ ಅನ್ನಿಸಬಹುದು. ಪ್ರಯೋಜನ ಇದೆ. ಅಲ್ಲೇ ಉಳಿದ ತಮ್ಮನೋ ತಂಗಿಯೋ 1855ರ ನಂತರ ಮುಪ್ಪಿನಲ್ಲಿ ತೀರಿಕೊಂಡಿದ್ದರೆ, ಅವರ ಮರಣದ ದಾಖಲೆಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ತವರಿನ ಹೆಸರು ಇರುತ್ತದೆ. ಅದು ನಿಮ್ಮ ಜಾನ್‌ನ ತಂದೆ ತಾಯಿಯ ಹೆಸರೂ ಹೌದು.

ಎಲ್ಲಿಯವರೆಗೆ ಹೋಗಬಹುದು? ಹೈಲ್ಯಾಂಡ್ಸ್‌ನ ಪಶ್ಚಿಮ ಭಾಗದಲ್ಲಿ ಎಷ್ಟೋ ಪ್ಯಾರಿಷ್‌ಗಳ ಪುಸ್ತಕಗಳು 1700ರ ದಶಕದ ಕೊನೆಗೋ 1800ರ ನಂತರವೋ ಶುರುವಾಗುತ್ತವೆ. ಕ್ಯಾಥೋಲಿಕರದ್ದು ಇನ್ನೂ ತಡ. ಅದಕ್ಕಿಂತ ಹಿಂದೆ ಉಳಿಯುವುದು ಜಮೀನುದಾರರ ಗೇಣಿ ಲೆಕ್ಕದ ಪುಸ್ತಕಗಳು. ಬಡ ಒಕ್ಕಲಿನ ಮನೆತನ 1750ರವರೆಗೆ ಸಿಕ್ಕಿದರೆ ಅದು ದೊಡ್ಡ ಗೆಲುವು. ಇಂಟರ್ನೆಟ್‌ನಲ್ಲಿ ಯಾರೋ ಅದೇ ಜಾನ್‌ನನ್ನು 1300ರವರೆಗೆ, ಸೀದಾ ಕುಲದ ಒಡೆಯನವರೆಗೆ ಎಳೆದು ತೋರಿಸಿರುತ್ತಾರೆ. ಅದನ್ನು ದಯವಿಟ್ಟು ಮೊಮ್ಮಗಳ ಪುಸ್ತಕಕ್ಕೆ ಹಾಕಬೇಡಿ. ಒಡೆಯನ ನೆಲದಲ್ಲಿ ಉಳುತ್ತಿದ್ದವರು ಅವನ ಮನೆತನದ ಹೆಸರು ಹಿಡಿಯುತ್ತಿದ್ದರು, ರಕ್ತಸಂಬಂಧ ಇರಲೇಬೇಕು ಅಂತಿಲ್ಲ. ‘ನಿಮ್ಮ ಮನೆತನದ ಲಾಂಛನ’ ಅಂತ ಅಂಗಡಿಯಲ್ಲಿ ಮಾರುವುದೂ ಅಷ್ಟೇ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಒಂದು ಹೆಸರಿನವರಿಗೆಲ್ಲ ಅಲ್ಲ. ಅದನ್ನು ನೋಡಿಕೊಳ್ಳಲು ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಅವರ ಕೋರ್ಟ್ ಇವತ್ತಿಗೂ ಇದೆ.

ಡಿಎನ್ಎ ಪರೀಕ್ಷೆ ಮಾಡಿಸಲು ಮನಸ್ಸಿದ್ದರೆ ಸೊಸೆಯದ್ದಲ್ಲ, ಅವಳ ಮನೆಯಲ್ಲಿ ಅತಿ ಹಿರಿಯರದ್ದು ಮಾಡಿಸಿ. ಒಂದು ತಲೆಮಾರು ಹತ್ತಿರವಾದಷ್ಟೂ ಒಳ್ಳೆಯದು. ಆದರೆ ಆಂಟಿಗೊನಿಶ್‌ನಂಥ ಕಡೆ ಇದೇ ಹತ್ತಾರು ಮನೆಗಳು ಇನ್ನೂರು ವರ್ಷ ಕೊಟ್ಟು ತಂದು ಮಾಡಿವೆ. ಪರೀಕ್ಷೆ ತೋರಿಸುವ ಸಂಬಂಧ ನಿಜಕ್ಕಿಂತ ಹತ್ತಿರದ್ದಾಗಿ ಕಾಣುತ್ತದೆ.

ಈ ವಾರ ಎರಡೇ ಕೆಲಸ ಮಾಡಿ. ಸೊಸೆಯ ಮನೆಯ ಹಿರಿಯರಿಗೆ ಒಂದು ಫೋನ್. ಮತ್ತೆ, ಆಂಟಿಗೊನಿಶ್‌ನಲ್ಲಿರುವ ಅವಳ ಕಡೆಯವರು ಯಾರಾದರೂ ಆ ಮುತ್ತಾತನ ಚರ್ಚಿನ ಸ್ಮಶಾನಕ್ಕೆ ಹೋಗಿ ಮ್ಯಾಕ್‌ಡೊನಾಲ್ಡ್, ಚಿಸಮ್ ಅಂತ ಇರುವ ಎಲ್ಲ ಹಳೆಯ ಕಲ್ಲುಗಳ ಫೋಟೋ ತೆಗೆಯಲಿ. ಬೆಳಿಗ್ಗೆ ಅಥವಾ ಸಂಜೆ ಹೋಗಲು ಹೇಳಿ, ಓರೆ ಬಿಸಿಲಿನಲ್ಲಿ ಸವೆದ ಅಕ್ಷರ ಎದ್ದು ಕಾಣುತ್ತದೆ. ಕಲ್ಲನ್ನು ಉಜ್ಜುವುದು, ಸುಣ್ಣ ಬಳಿಯುವುದು ಬೇಡ. ಫೋಟೋ ಬಂದ ಮೇಲೆ ನನಗೆ ಬರೆಯಿರಿ. ಚಿಸಮ್ ಅಜ್ಜಿಯ ಕಲ್ಲು ಮೊದಲು ಓದೋಣ.